ಎದ್ದ ಉಗುರನ್ನು ಮುಚ್ಚಲಾರೆ

2006ರಲ್ಲಿ ನಾನು ಸಕಲೇಶಪುರದ ಬಿ.ಎಂ. ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೆ. ಎರಡು ಕುರ್ಚಿ, ಒಂದು ಉದ್ದನೆಯ ಬೆಂಚು, ಗೋಡೆಯಗಲದ ಕನ್ನಡಿ. ಪಾರ್ಲರ್ ಶುರುವಾಗಿ ಒಂಬತ್ತು ವರ್ಷವಾಗಿತ್ತು. ಹುಬ್ಬು ತಿದ್ದುವುದು, ಕೂದಲು ಕತ್ತರಿಸುವುದು, ಮದುಮಗಳ ಅಲಂಕಾರ, ಇಷ್ಟರಲ್ಲೇ ಜೀವನ ಸಾಗುತ್ತಿತ್ತು. ನನ್ನ ತವರು ಆಲೂರು ತಾಲ್ಲೂಕಿನ ಕೆ. ಹೊಸಕೋಟೆ, ಮನೆತನದಿಂದ ಬಂದದ್ದು ದಿನಸಿ ವ್ಯಾಪಾರ. ನಾನು ಈ ಕೆಲಸ ಹಿಡಿದಾಗ ದೊಡ್ಡಪ್ಪ, "ಅಂಗಡಿ ಮನೆ ಹೆಣ್ಮಗಳು ಕಂಡೋರ ಕಾಲುಗುರು ಉಜ್ಜೋಕೆ ಹೊಂಟವ್ಳೆ," ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ್ದರು. ನಾನು ಮರುದಿನ ಬೆಳಗಿನ ಮೊದಲ ಬಸ್ಸು ಹತ್ತಿದೆ, ಅಷ್ಟೆ.

ಹಿಂದಿನ ವರ್ಷ ಬೆಂಗಳೂರಿಗೆ ಹೋಗಿ ಎರಡು ವಾರ ಕೃತಕ ಉಗುರಿನ ತರಬೇತಿ ಪಡೆದು ಬಂದಿದ್ದೆ. ಸಕಲೇಶಪುರದಲ್ಲಿ ಆಗ ಅದನ್ನು ಹಾಕುವವರು ಬೇರೆ ಯಾರೂ ನನಗೆ ಗೊತ್ತಿರಲಿಲ್ಲ. ಅಕ್ರಿಲಿಕ್ ಉಗುರು ಎಂದರೇನೆಂದು ತಿಳಿಯದವರಿಗೆ ಎರಡು ಮಾತು ಹೇಳಬೇಕು. ಒಂದು ಬಟ್ಟಲಲ್ಲಿ ಘಾಟು ವಾಸನೆಯ ದ್ರವ, ಇನ್ನೊಂದರಲ್ಲಿ ನುಣ್ಣನೆಯ ಪುಡಿ ಇರುತ್ತದೆ. ಬ್ರಷ್ಷನ್ನು ದ್ರವದಲ್ಲಿ ಅದ್ದಿ ಪುಡಿಗೆ ತಾಗಿಸಿದರೆ ತುದಿಯಲ್ಲಿ ಸಣ್ಣ ಮುದ್ದೆಯೊಂದು ಕೂರುತ್ತದೆ. ಅದನ್ನು ಸ್ವಂತ ಉಗುರಿನ ಮೇಲೆ ಹರಡಿ ರೂಪ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಸರಿಯಾಗಿ ಕೂತರೆ ಎರಡು ಮೂರು ವಾರ ಚಿಂತೆಯಿಲ್ಲ. ಕೂರದಿದ್ದರೆ ಅಂಚು ಬಿಟ್ಟುಕೊಳ್ಳುತ್ತದೆ. ನಮ್ಮ ವೃತ್ತಿಯಲ್ಲಿ ಇದಕ್ಕೆ ಲಿಫ್ಟಿಂಗ್ ಎನ್ನುತ್ತಾರೆ. ಹಾಗೆ ಎದ್ದ ಸಂದಿಗೆ ನೀರು ಇಳಿದು ನಿಂತರೆ ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಒಳಗಿನ ಉಗುರು ಹಸಿರು ಬಣ್ಣಕ್ಕೆ ತಿರುಗುತ್ತದೆ.

ಬೇಸಿಗೆಯಲ್ಲಿ ಹಾಕಿದ ಉಗುರುಗಳು ಹೇಗೋ ನಿಂತವು. ಜೂನ್ ಬಂದ ಮೇಲೆ ಒಬ್ಬೊಬ್ಬರದಾಗಿ ಏಳತೊಡಗಿದವು. ಮಳೆಯ ಮೇಲೆ ತಪ್ಪು ಹೊರಿಸುವುದು ಸುಲಭ. ನಾನೂ ಅದನ್ನೇ ಮಾಡಿದೆ. ಇನ್ನೂ ಒಂದು ಮಾಡಿದೆ, ಅದನ್ನು ಹೇಳದೆ ಈ ಕಥೆ ಬರೆಯಲಾಗದು. ಎದ್ದ ಅಂಚಿನೊಳಗೆ ಒಂದು ಹನಿ ಅಂಟು ಬಿಟ್ಟು, ಒತ್ತಿ ಹಿಡಿದು, ಮೇಲೆ ಬಣ್ಣ ಬಳಿದು ಕಳಿಸುತ್ತಿದ್ದೆ. ತರಬೇತಿಯಲ್ಲಿ ಹಾಗೆ ಮಾಡಬಾರದೆಂದು ಹೇಳಿಕೊಟ್ಟಿದ್ದರು. ಆದರೆ ಗ್ರಾಹಕರು ನಗುತ್ತಾ ಎದ್ದು ಹೋಗುತ್ತಿದ್ದರು. ನನಗೂ ಅದೇ ಬೇಕಾಗಿತ್ತು.

ಆಷಾಢ ಕಳೆದು ಶ್ರಾವಣ ಬಂದಿತ್ತು. ಒಂದು ಗುರುವಾರ ಮಧ್ಯಾಹ್ನ ಪ್ರಮೀಳಾ ಮೇಡಂ ಬಂದರು. ಹೆತ್ತೂರಿನ ಆಚೆಗಿನ ಒಂದು ದೊಡ್ಡ ಕಾಫಿ ಎಸ್ಟೇಟಿನ ಒಡತಿ. ವಯಸ್ಸು ಐವತ್ತರ ಹತ್ತಿರ. ನನ್ನ ಪಾರ್ಲರಿಗೆ ಎಸ್ಟೇಟ್ ಮನೆಗಳ ಹೆಂಗಸರು ಬರತೊಡಗಿದ್ದೇ ಅವರಿಂದ. ಅವರು ಕೂತ ಕುರ್ಚಿಯಲ್ಲಿ ಕೂರಬೇಕೆಂದೇ ನಾಲ್ಕು ಜನ ಬರುತ್ತಿದ್ದರು ಎಂದರೂ ತಪ್ಪಿಲ್ಲ.

"ಗಿರಿಜಾ, ನಾಲ್ಕು ಎದ್ದಿವೆ ನೋಡು. ಸಂಡೇ ಮಗಳ ಎಂಗೇಜ್‌ಮೆಂಟ್. ಬೇಗ ಅಂಟಿಸಿ ಕಳಿಸು, ಡ್ರೈವರ್ ಕಾಯ್ತಿದಾನೆ," ಎಂದು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು.

ಉಗುರಿಗೆ ಗಾಢ ಕೆಂಪು ಬಣ್ಣವಿತ್ತು. ಬಲಗೈ ಹೆಬ್ಬೆರಳಿನದು ಬುಡದಿಂದ ಅರ್ಧದವರೆಗೆ ಎದ್ದಿತ್ತು. ಹತ್ತಿಯಿಂದ ಬಣ್ಣ ಒರೆಸಿದೆ. ದೀಪವನ್ನು ಹತ್ತಿರಕ್ಕೆ ಎಳೆದು ನೋಡಿದೆ. ಅಕ್ರಿಲಿಕ್ಕಿನ ಕೆಳಗೆ, ಬಾವಿ ಕಟ್ಟೆಯ ಪಾಚಿಯಂಥ ಹಸಿರು ಕಲೆ. ಹುಣಸೆ ಬೀಜದಷ್ಟು ಅಗಲ. ನನ್ನ ಕೈ ಅಭ್ಯಾಸಬಲದಿಂದ ಅಂಟಿನ ಬಾಟಲಿಗೆ ಹೋಗಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ.

"ಮೇಡಂ, ಇದನ್ನ ಮುಚ್ಚಕ್ಕಾಗಲ್ಲ. ಹತ್ತೂ ತೆಗೀಬೇಕು. ಹೆಬ್ಬೆರಳನ್ನ ಡಾಕ್ಟರಿಗೆ ತೋರಿಸಿ."

"ಮೊಂಡು ಬೆರಳು ಇಟ್ಕೊಂಡು ಬೀಗರ ಮುಂದೆ ನಿಲ್ಲಲಾ ನಾನು?"

"ಮೆಹಂದಿ ಹಾಕ್ತೀನಿ. ನಿಮ್ಮ ಸ್ವಂತ ಉಗುರನ್ನೇ ತಿದ್ದಿ ಬಣ್ಣ ಹಚ್ತೀನಿ. ಈ ಹೆಬ್ಬೆರಳಿಗೆ ಮಾತ್ರ ಏನೂ ಹಾಕಲ್ಲ."

ಅವರ ಮುಖ ಬಿಗಿಯಾಯಿತು. "ಹೋದ ಸಲ ನೀನೇ ಅಂಟು ಹಾಕಿದ್ದಲ್ವಾ? ಆಗ ಇಲ್ದೇ ಇದ್ದ ಶಾಸ್ತ್ರ ಈಗ ಎಲ್ಲಿಂದ ಬಂತು?"

ಮಾತು ಸತ್ಯವಾಗಿತ್ತು. ಅದೇ ಹೆಬ್ಬೆರಳಿಗೆ ಮೂರು ವಾರದ ಹಿಂದೆ ಅಂಟು ಬಿಟ್ಟವಳು ನಾನೇ. ಆದರೂ ಹೇಳಿದೆ: "ಆಗ ಮಾಡಿದ್ದು ತಪ್ಪು ಮೇಡಂ. ಅದರ ಫಲ ಕಣ್ಣಾರೆ ಕಂಡ್ಮೇಲೆ ಇನ್ನೊಂದ್ಸಲ ಮಾಡಲ್ಲ."

ಪ್ರಮೀಳಾ ಎದ್ದರು. ಬಾಗಿಲಲ್ಲಿ ನಿಂತು, "ಹೆತ್ತೂರು ಕಡೆಯಿಂದ ಇನ್ನೊಂದು ಜೀಪು ನಿನ್ನ ಅಂಗಡಿ ಮುಂದೆ ನಿಲ್ಲಲ್ಲ, ತಿಳ್ಕೋ," ಎಂದು ಮೆಟ್ಟಿಲಿಳಿದರು. ನಾನು ಹಿಂದೆ ಓಡಲಿಲ್ಲ. ಓಡಬೇಕೆನಿಸಿದ್ದು ಸುಳ್ಳಲ್ಲ.

ಮುಂದೆ ಆದದ್ದು ಅವರ ಗೆಳತಿಯರ ಬಾಯಿಂದಲೇ ತಿಳಿಯಿತು. ಮನೆಯಲ್ಲಿ ಯಾವುದೋ ಗಟ್ಟಿ ಅಂಟು ಹಾಕಿ ನಾಲ್ಕೂ ಉಗುರುಗಳನ್ನು ಕೂರಿಸಿಕೊಂಡರಂತೆ. ನಿಶ್ಚಿತಾರ್ಥ ಚೆನ್ನಾಗಿಯೇ ಆಯಿತು. ಸೋಮವಾರ ಹೆಬ್ಬೆರಳು ಬಾತುಕೊಂಡಿತು. ಹಾಸನದ ಚರ್ಮದ ಡಾಕ್ಟರು ಅಕ್ರಿಲಿಕ್ ತೆಗೆಸಿ, ಬಿಟ್ಟುಕೊಂಡಿದ್ದ ಸ್ವಂತ ಉಗುರನ್ನೂ ಅರ್ಧ ಕತ್ತರಿಸಿ, ಔಷಧ ಕೊಟ್ಟರು. ಆ ವಾರ ಮುಗಿಯುವುದರೊಳಗೆ ಎಸ್ಟೇಟ್ ಮನೆಗಳಲ್ಲೆಲ್ಲ ಒಂದೇ ಮಾತು: ಗಿರಿಜಾ ಉಗುರು ಹಾಕಿದರೆ ಕೈ ಕೊಳೆಯುತ್ತದೆ.

ಆಗ ನನ್ನ ಕೈಯಿಂದ ಉಗುರು ಹಾಕಿಸಿಕೊಂಡಿದ್ದವರು ಇನ್ನೂ ಹನ್ನೊಂದು ಜನ ಇದ್ದರು. ಎಲ್ಲರಿಗೂ ಫೋನ್ ಮಾಡಿ, ಬಂದು ತೆಗೆಸಿಕೊಂಡು ಹೋಗಿ ಎಂದೆ. ಏಳು ಜನ ಬಂದರು. ಅಕ್ರಿಲಿಕ್ ಕರಗಿಸುವ ಅಸಿಟೋನಿನಲ್ಲಿ ಅದ್ದಿದ ಹತ್ತಿಯನ್ನು ಉಗುರಿಗಿಟ್ಟು, ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಮುಕ್ಕಾಲು ಗಂಟೆ ಕೂರಿಸಿ, ಕೀಳದೆ, ಕೆರೆಯದೆ, ಮೆತ್ತಗಾದುದನ್ನಷ್ಟೇ ಸರಿಸಿ ತೆಗೆದೆ. ಇಬ್ಬರ ಉಗುರಿನಲ್ಲಿ ಹಸಿರು ಆಗಷ್ಟೇ ಶುರುವಾಗಿತ್ತು. ಇಬ್ಬರನ್ನೂ ಡಾಕ್ಟರ ಬಳಿಗೆ ಕಳಿಸಿದೆ. ನಾನು ಅಂದು ಪ್ರಮೀಳಾ ಅವರದನ್ನು ಅಂಟಿಸಿ ಕಳಿಸಿದ್ದರೆ ಇವರದನ್ನೂ ನೋಡುತ್ತಿರಲಿಲ್ಲ ಎಂದು ಆಗ ಹೊಳೆಯಿತು.

ಮೆಟ್ಟಿಲ ಬಳಿ ಒಂದು ರಟ್ಟಿನ ಬೋರ್ಡ್ ಹಾಕಿದೆ: 'ಕಾರಣ ತಿಳಿಯುವ ತನಕ ಉಗುರು ಹಾಕುವುದಿಲ್ಲ.' ಕೆಳಗಿನ ಔಷಧಿ ಅಂಗಡಿಯವರು ಓದಿ ಬೆಚ್ಚಿದರು. "ಏನ್ರೀ ಇದು? ತಪ್ಪು ನಂದೇ ಅಂತ ನೀವೇ ಒಪ್ಕೊಂಡಂಗಾಯ್ತಲ್ಲ!"

"ಒಪ್ಕೊಂಡಿದೀನಿ ಕಣ್ರೀ. ಯಾವ ತಪ್ಪು ಅಂತ ಗೊತ್ತಾಗಬೇಕು, ಅಷ್ಟೇ."

ಬೆಂಗಳೂರಿನ ತರಬೇತುದಾರರಿಗೆ ಫೋನ್ ಮಾಡಿದೆ. ಅವರು ನಕ್ಕರು. "ನಿಮ್ಮ ಆ ಮಳೆ ಊರಲ್ಲಿ ಇದು ನಿಲ್ಲಲ್ಲ ಗಿರಿಜಾ. ಬೇಕಿದ್ರೆ ಪ್ರೈಮರ್ ಎರಡು ಸಲ ಹಚ್ಚು, ಉಗುರನ್ನ ಒರಟಾಗಿ ಫೈಲ್ ಮಾಡು. ಇಲ್ದಿದ್ರೆ ಬಿಟ್ಬಿಡು." ಪ್ರೈಮರ್ ಎಂದರೆ ಅಕ್ರಿಲಿಕ್ ಹಿಡಿಯಲೆಂದು ಮೊದಲು ಸವರುವ ಆಮ್ಲದ ದ್ರವ, ಫೈಲ್ ಎಂದರೆ ಉಗುರು ಉಜ್ಜುವ ಒರಟು ಪಟ್ಟಿ. ಉಳಿದದ್ದೆಲ್ಲ ಎಂದಿನಂತೆಯೇ ಇಟ್ಟು, ಅವರು ಹೇಳಿದ್ದನ್ನು ಮೊದಲು ನನ್ನ ಎಡಗೈಯ ಎರಡು ಬೆರಳುಗಳ ಮೇಲೆ ಮಾಡಿ ನೋಡಿದೆ. ಉಗುರು ತೆಳುವಾಗಿ, ಬಿಸಿನೀರು ತಾಗಿದರೂ ಉರಿಯತೊಡಗಿತು. ನಾಲ್ಕನೇ ದಿನ ಅದೂ ಎದ್ದಿತು. ಉರಿಗಿಂತ ಹೆಚ್ಚಾಗಿ ಚುಚ್ಚಿದ್ದು 'ಬಿಟ್ಬಿಡು' ಎಂಬ ಮಾತು. ಈ ಊರಿನ ಹೆಂಗಸರ ಕೈ ಯಾವುದಕ್ಕೂ ಲಾಯಕ್ಕಿಲ್ಲ ಎಂದಂತೆ ಕೇಳಿಸಿತು. ಬಿಡುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆ.

ನನ್ನ ಹತ್ತಿರ ಇದ್ದದ್ದು ಅಪಾಯಿಂಟ್‌ಮೆಂಟ್ ಪುಸ್ತಕ ಒಂದೇ. ಯಾರು ಯಾವ ದಿನ ಬಂದರು, ಏನೇನು ಮಾಡಿಸಿಕೊಂಡರು, ಮತ್ತೆ ಯಾವಾಗ ದೂರು ತಂದರು, ಉಗುರು ಎಲ್ಲಿ ಎದ್ದಿತ್ತು ಎಂಬುದೆಲ್ಲ ಅದರಲ್ಲಿತ್ತು. ಮೂರು ದಿನ ಅದನ್ನೇ ಹಿಡಿದು ಕೂತೆ. ಮೊದಲು ಕಣ್ಣಿಗೆ ಬಿದ್ದದ್ದು ಒಬ್ಬ ಬ್ಯಾಂಕ್ ಉದ್ಯೋಗಿ. ಜುಲೈನ ಜಡಿಮಳೆಯಲ್ಲಿ ಹಾಕಿಸಿಕೊಂಡವಳು, ಇಪ್ಪತ್ತು ದಿನ ಕಳೆದರೂ ಒಂದೂ ಎದ್ದಿರಲಿಲ್ಲ. ಅದೇ ಮಳೆ, ಅದೇ ಪುಡಿ, ಅದೇ ನನ್ನ ಕೈ. ಅವಳಲ್ಲಿ ಬೇರೆ ಏನಿತ್ತು? ಅವಳು ಊಟದ ಬಿಡುವಿನಲ್ಲಿ ಓಡೋಡಿ ಬರುತ್ತಿದ್ದವಳು. "ಮ್ಯಾನಿಕ್ಯೂರ್ ಬೇಡ, ಟೈಮಿಲ್ಲ," ಎನ್ನುತ್ತಿದ್ದಳು.

ಉಳಿದವರಿಗೆಲ್ಲ ನಾನು ಮೊದಲು ಮ್ಯಾನಿಕ್ಯೂರ್ ಮಾಡುತ್ತಿದ್ದೆ. ಬೆಚ್ಚಗಿನ ಸೋಪುನೀರಿನಲ್ಲಿ ಹತ್ತು ನಿಮಿಷ ಕೈ ನೆನೆಸಿ, ಎಣ್ಣೆ ಹಚ್ಚಿ ತಿಕ್ಕಿ, ಒರೆಸಿ, ನಂತರ ಉಗುರು. ಗ್ರಾಹಕರಿಗೆ ಸುಖವಾಗಲೆಂದು ನಾನೇ ಸೇರಿಸಿದ್ದ ಉಪಚಾರ ಅದು. ಉಗುರು ನೋಡಲು ಕಲ್ಲಿನಂತಿದ್ದರೂ ನೀರು ಕುಡಿಯುತ್ತದೆ. ನೀರು ಕುಡಿದಾಗ ಸ್ವಲ್ಪ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಗ್ಗಿದ ಉಗುರಿನ ಮೇಲೆ ಗಟ್ಟಿ ಅಕ್ರಿಲಿಕ್ ಕೂರಿಸಿದರೆ, ಕೆಳಗಿನದು ಕುಗ್ಗುವಾಗ ಮೇಲಿನದು ಬಿಟ್ಟುಕೊಳ್ಳದೆ ಇನ್ನೇನು ಮಾಡೀತು? ಮೇಲಿಂದ ಎಣ್ಣೆಯ ಪಸೆ ಬೇರೆ. ಬೇಸಿಗೆಯ ಬಿಸಿಗೆ ಆ ನೀರು ಬೇಗ ಆರುತ್ತಿತ್ತು, ಮಳೆಗಾಲದಲ್ಲಿ ಆರುತ್ತಿರಲಿಲ್ಲ, ಅಷ್ಟೆ. ಮಳೆಯ ತಪ್ಪೇನೂ ಇರಲಿಲ್ಲ. ನನ್ನ ಬಟ್ಟಲಿನ ನೀರಿನದೇ ತಪ್ಪು.

ಪುಸ್ತಕ ಇನ್ನೊಂದನ್ನೂ ಹೇಳಿತು. ಎಲ್ಲರದೂ ಬುಡದಲ್ಲೇ, ಚರ್ಮದ ಪಕ್ಕದಲ್ಲೇ ಎದ್ದಿದ್ದವು. ಉದ್ದ ಹೆಚ್ಚಾಗಿ ಪೆಟ್ಟು ಬಿದ್ದಿದ್ದರೆ ಎಲ್ಲರದೂ ಹೀಗೆ ಬುಡದಲ್ಲೇ ಶುರುವಾಗುತ್ತಿರಲಿಲ್ಲ. ಬುಡದಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಸತ್ತ ಚರ್ಮದ ಪೊರೆಯೊಂದು ಉಗುರಿಗೆ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ತೆಗೆಯದೆ ನಾನು ಅವಸರ ಮಾಡಿದ್ದೆ. ಅಲ್ಲದೆ ಅಂದ ಹೆಚ್ಚಲೆಂದು ಅಕ್ರಿಲಿಕ್ಕನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ಎಳೆಯುತ್ತಿದ್ದೆ. ಒಂದು ಕೂದಲೆಳೆಯಷ್ಟು ಜಾಗ ಬಿಡಬೇಕಿತ್ತು. ಕೋಣೆಯೂ ತಣ್ಣಗಿರುತ್ತಿತ್ತು, ಥಂಡಿಯಲ್ಲಿ ಮುದ್ದೆ ನಿಧಾನವಾಗಿ ಗಟ್ಟಿಯಾಗುತ್ತದೆ, ದ್ರವ ಹೆಚ್ಚಾದರಂತೂ ಹಿಡಿಯುವುದೇ ಇಲ್ಲ.

ಕಾರಣ ಸಿಕ್ಕಿತೆಂದು ನಾನು ಹೇಳಿಕೊಂಡರೆ ಯಾರು ನಂಬುತ್ತಾರೆ? ಸಾಬೀತು ಮಾಡಬೇಕಿತ್ತು. ಇಡೀ ಸಕಲೇಶಪುರದಲ್ಲಿ ಅತಿ ಹೆಚ್ಚು ಹೊತ್ತು ನೀರಿನಲ್ಲಿರುವ ಕೈ ಯಾರದು ಎಂದು ಯೋಚಿಸಿದೆ. ದೂರ ಹೋಗಬೇಕಾಗಲಿಲ್ಲ. ನಮ್ಮ ಕಟ್ಟಡದ ಎದುರಿಗೇ ಜಯಕ್ಕ ಹೂವು ಮಾರುತ್ತಿದ್ದರು. ಐವತ್ತೈದರ ಹೆಂಗಸು. ಬೆಳಗಿನಿಂದ ಸಂಜೆವರೆಗೆ ಹೂವಿಗೆ ನೀರು ಚಿಮುಕಿಸುತ್ತಾ, ನೀರಿನಲ್ಲಿ ನೆಂದ ಬಾಳೆನಾರಿನಲ್ಲಿ ಹೂ ಕಟ್ಟುತ್ತಾ ಕೂರುವವರು.

ಕೇಳಿದಾಗ ಜಯಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಹೂ ಕಟ್ಟೋ ಕೈಗೆ ಉಗುರಾ? ಬಸ್‌ಸ್ಟ್ಯಾಂಡೆಲ್ಲ ನಗ್ತದೆ ಕಣಮ್ಮ." ಆಮೇಲೆ ಬಲಗೈ ತೋರುಬೆರಳು ಚಾಚಿದರು. ಉಗುರು ನಡುವೆ ಉದ್ದಕ್ಕೆ ಸೀಳಿತ್ತು. "ಇದು ಸೀಳಿ ನಾಕು ವರ್ಸ ಆತು. ನಾರು ಸಿಕ್ಕಾಕ್ಕೊಂಡ್ರೆ ಜೀವ ಹೋಗ್ಬುಡ್ತದೆ. ಇದಕ್ಕೇನಾರ ಮಾಡಕ್ಕಾಯ್ತದಾ?"

ಸೀಳು ಹಳೆಯದು, ಒಣಗಿದ್ದು. ಕೀವಾಗಲಿ ಬಣ್ಣ ಬದಲಾದದ್ದಾಗಲಿ ಇರಲಿಲ್ಲ. ಆಗುತ್ತದೆ ಎಂದೆ. ಒಂದು ಷರತ್ತು ಹಾಕಿದೆ: ದಿನ ಬಿಟ್ಟು ದಿನ ಮೇಲೆ ಬಂದು ತೋರಿಸಬೇಕು, ಅಂಚು ಎದ್ದರೆ ಅಂದೇ ತೆಗೆಯುತ್ತೇನೆ. ಎಡಗೈಯ ಎರಡು ಬೆರಳಿಗೆ ಹಳೆಯ ರೀತಿ, ಬಲಗೈಯ ಐದಕ್ಕೂ ಹೊಸ ರೀತಿ ಎಂದು ಬಿಡಿಸಿ ಹೇಳಿದೆ.

"ನಿಂದೇನೋ ಪರೀಕ್ಸೆ ಅಂತೀಯ, ಮಾಡು. ಹೂ ಕಟ್ಟಕ್ಕೆ ತೊಡಕಾದ್ರೆ ಮಾತ್ರ ಹಲ್ಲಾಗೇ ಕಿತ್ತು ಬಿಸಾಕ್‌ಬುಡ್ತೀನಿ."

ಸೆಪ್ಟೆಂಬರ್ ನಡುವಿನ ಒಂದು ಸೋಮವಾರ, ಅವರು ಹೂವು ಮುಟ್ಟುವ ಮೊದಲೇ ಬೆಳಗ್ಗೆ ಏಳಕ್ಕೆ ಕೂರಿಸಿಕೊಂಡೆ. ಬಲಗೈಗೆ ನೀರು ಸೋಕಿಸಲಿಲ್ಲ. ಬುಡದ ಪೊರೆಯನ್ನು ಒಂದೊಂದು ಬೆರಳಿಗೂ ಐದು ನಿಮಿಷ ತೆಗೆದುಕೊಂಡು ಬಿಡಿಸಿದೆ. ಮೆದುವಾದ ಫೈಲಿನಿಂದ ಹೊಳಪು ಹೋಗುವಷ್ಟೇ ಉಜ್ಜಿದೆ. ಪಸೆ ಒಣಗಿಸುವ ದ್ರವ ಸವರಿದ ಮೇಲೆ ಉಗುರಿಗೆ ನನ್ನ ಬೆರಳೂ ತಾಗದಂತೆ ನೋಡಿಕೊಂಡೆ. ಪ್ರೈಮರ್ ಒಂದೇ ಒಂದು ತೆಳು ಎಳೆ. ಮುದ್ದೆ ಗಟ್ಟಿಯಾಗಿ, ಚರ್ಮದಿಂದ ಕೂದಲೆಳೆ ದೂರದಲ್ಲಿ. ಬೆರಳ ತುದಿ ದಾಟದಷ್ಟು ಗಿಡ್ಡ. ಪಕ್ಕದಲ್ಲಿ ಹೀಟರ್ ಉರಿಯುತ್ತಿತ್ತು.

ಎಡಗೈಯ ಎರಡೂ ಐದನೇ ದಿನ ಬುಡದಲ್ಲಿ ಎದ್ದವು, ಅಂದೇ ತೆಗೆದೆ. ಬಲಗೈಯ ಐದೂ ನಿಂತವು. ಹತ್ತನೇ ದಿನವೂ ನಿಂತವು. ದಸರಾ ಬಂತು. ಆಯುಧಪೂಜೆಗೆ ಬಸ್ಸು, ಲಾರಿ, ಎಸ್ಟೇಟಿನ ಕಾಫಿಹಣ್ಣು ಸುಲಿಯುವ ಪಲ್ಪರ್‌ಗಳಿಗೆಲ್ಲ ಹಾರ ಬೇಕು. ಜಯಕ್ಕ ಮೂರು ದಿನ ಸೇವಂತಿಗೆ ರಾಶಿಯಲ್ಲಿ ಮೊಣಕೈವರೆಗೆ ಮುಳುಗಿದ್ದರು. ಹಬ್ಬದ ಮರುದಿನ ಮೇಲೆ ಬಂದು ಕೈ ಚಾಚಿದರು. ತೆಳುವಾದ ಕಡ್ಡಿಯ ತುದಿಯಿಂದ ಬುಡದ ಸುತ್ತ ಸವರಿ ನೋಡಿದೆ. ಕಡ್ಡಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ.

"ನಾರು ಒಂದ್ಸಲಾನೂ ಸಿಕ್ಕಾಕ್ಕೊಳ್ಳಿಲ್ಲ ಕಣಮ್ಮ," ಎಂದರು ಜಯಕ್ಕ. ಅವರ ಮುಖದಲ್ಲಿ ಅಂದು ಕಂಡ ಬೆರಗು ನನಗೆ ಯಾವ ಮದುಮಗಳ ಮುಖದಲ್ಲೂ ಕಂಡಿಲ್ಲ.

ಇಪ್ಪತ್ತೆರಡನೇ ದಿನ, ಉಗುರು ಬೆಳೆದು ಬುಡದಲ್ಲಿ ಬಿದ್ದಿದ್ದ ಖಾಲಿ ಜಾಗವನ್ನು ತುಂಬಲು ಜಯಕ್ಕನನ್ನು ಕುರ್ಚಿಯಲ್ಲಿ ಕೂರಿಸಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಪ್ರಮೀಳಾ ಮೇಡಂ ಇಬ್ಬರು ಗೆಳತಿಯರ ಜೊತೆ ಬಂದು ನಿಂತರು. ಹೆಬ್ಬೆರಳಿಗೆ ಇನ್ನೂ ಸಣ್ಣ ಪಟ್ಟಿ ಇತ್ತು.

"ಎಲ್ಲರೆದುರಿಗೇ ಕೇಳೋಣ ಅಂತ ಬಂದೆ," ಎಂದರು. "ನನ್ನ ಬೆರಳು ಹಾಳಾಗಿದ್ದು ನಿನ್ನಿಂದ ಅಂತ ಒಪ್ಕೋ. ಕ್ಷಮೆ ಕೇಳು." ಆಗ ಅವರ ಕಣ್ಣು ಕುರ್ಚಿಯತ್ತ ಹೋಯಿತು. "ಇದೇನಿದು? ಹೂವಿನವಳಿಗೆ ಹಾಕೋ ಬ್ರಷ್ಷನ್ನೇ ನಮ್ಮ ಕೈಗೂ ಹಾಕ್ತೀಯಾ?"

ಜಯಕ್ಕ ಏಳಲು ಹೊರಟರು. ನಾನು ಅವರ ಮಣಿಕಟ್ಟು ಬಿಡಲಿಲ್ಲ. "ಕೂತ್ಕೊ ಜಯಕ್ಕ. ಇನ್ನೂ ಮೂರು ಬೆರಳು ಉಳಿದಿವೆ."

ಆಮೇಲೆ ಪ್ರಮೀಳಾ ಅವರನ್ನು ನೋಡಿ ಹೇಳಿದೆ. "ಬ್ರಷ್ ಅದೇ ಮೇಡಂ, ಪ್ರತಿ ಸಲ ತೊಳೆದೇ ಹಾಕ್ತೀನಿ. ಫೈಲು ಮಾತ್ರ ಒಬ್ಬೊಬ್ಬರಿಗೂ ಹೊಸದು. ಕುರ್ಚಿ ಎಲ್ಲರಿಗೂ ಒಂದೇ. ಇನ್ನು ಬೆರಳಿನ ಮಾತು. ಉಗುರು ಎದ್ದಿದ್ದು ನನ್ನ ತಪ್ಪು. ಮೊದಲನೇ ಸಲ ಅಂಟು ಹಾಕಿದ್ದೂ ನನ್ನ ತಪ್ಪು. ಎರಡಕ್ಕೂ ಕ್ಷಮೆ ಕೇಳ್ತೀನಿ, ಇವರೆಲ್ಲರ ಮುಂದೆ. ಆದ್ರೆ ಹಸಿರು ಕಂಡ ದಿನ ತೆಗೀತೀನಿ ಅಂದೆ. ತೆಗೆಸ್ಕೊಳ್ಳದೆ ಹೋಗಿದ್ದು ನಿಮ್ಮ ತೀರ್ಮಾನ. ಅದನ್ನ ನಾನು ಹೊರಲ್ಲ."

ಜಯಕ್ಕ ಬಲಗೈ ಎತ್ತಿ ಆ ಮೂವರಿಗೂ ತೋರಿಸಿ, "ನೋಡ್ರವ್ವ, ಇಪ್ಪತ್ತೆರಡು ದಿನ ಆತು, ನೀರಲ್ಲೇ ಐತೆ ಈ ಕೈ. ಒಂದೂ ಅಲ್ಲಾಡಿಲ್ಲ," ಎಂದರು.

ಪ್ರಮೀಳಾ ಆ ಕೈಯನ್ನು ಒಂದು ಗಳಿಗೆ ನೋಡಿದರು. ಪಟ್ಟಿಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ತಿರುಗಿ ಹೋದರು. ಒಬ್ಬ ಗೆಳತಿ ಅವರ ಹಿಂದೆ ಹೋದಳು. ಇನ್ನೊಬ್ಬಾಕೆ, ಮಾರನಹಳ್ಳಿ ಕಡೆಯ ಎಸ್ಟೇಟಿನ ಚಿಕ್ಕ ವಯಸ್ಸಿನ ಸೊಸೆ, ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಬೆಂಚಿನ ಮೇಲೆ ಕೂತಳು. "ಇವರದಾದ್ಮೇಲೆ ನನಗೆ," ಎಂದಳು.

ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಆ ವರ್ಷ ಎಸ್ಟೇಟ್ ಮನೆಗಳ ಅರ್ಧಕ್ಕೂ ಹೆಚ್ಚು ಗ್ರಾಹಕರು ಮರಳಲಿಲ್ಲ. ಎರಡನೇ ಕುರ್ಚಿ ಬಹಳ ದಿನ ಖಾಲಿ ಇತ್ತು. ಬದಲಿಗೆ ಟೈಲರ್ ಹೆಂಗಸರು, ಶಾಲೆಯ ಟೀಚರುಗಳು, ಕಾಫಿ ಸ್ಟೋರಿನಲ್ಲಿ ಬೀಜ ಆರಿಸುವ ಇಬ್ಬರು ಬಂದರು. ಉಗುರು ಸೀಳಿದವರೇ ಹೆಚ್ಚು. ಪ್ರಮೀಳಾ ಮೇಡಂ ಮತ್ತೆಂದೂ ಬರಲಿಲ್ಲ. ಅವರ ಹೆಬ್ಬೆರಳಿನ ಉಗುರು ಮುಂದಿನ ಬೇಸಿಗೆಯ ಹೊತ್ತಿಗೆ ಪೂರ್ತಿ ಬೆಳೆಯಿತೆಂದು ಮಾರನಹಳ್ಳಿಯ ಸೊಸೆ ಹೇಳಿದಳು. ಅದನ್ನು ಕೇಳಿ ನನಗೆ ನಿಜಕ್ಕೂ ಸಮಾಧಾನವಾಯಿತು. ಅವರ ಕೋಪ ಇಳಿಯಿತೋ ಇಲ್ಲವೋ ಎಂದು ಕೇಳಲಿಲ್ಲ.

ನಾನೀಗ ಪಾರ್ಲರ್ ಬಿಟ್ಟು, ಆಲೂರಿನಲ್ಲಿ ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸುತ್ತೇನೆ. ಮೊದಲ ವಾರ ಯಾರಿಗೂ ಅಕ್ರಿಲಿಕ್ ಬ್ರಷ್ ಮುಟ್ಟಲು ಬಿಡುವುದಿಲ್ಲ. ತೆಗೆಯುವುದನ್ನು ಕಲಿಸುತ್ತೇನೆ. ಉಗುರು ಒಣಗಿದೆಯೇ, ಪೊರೆ ಹೋಗಿದೆಯೇ, ಕೆಳಗೆ ಬಣ್ಣ ಬದಲಾಗಿದೆಯೇ ಎಂದು ನೋಡುವುದನ್ನು ಕಲಿಸುತ್ತೇನೆ. ಏಳದಂತೆ ಹಾಕುವ ವಿದ್ಯೆ ಕೈಗೆ ಬರಲು ಒಂದು ತಿಂಗಳು ಸಾಕು. ಎದ್ದದ್ದನ್ನು ಎದ್ದಿದೆ ಎಂದು ಹೇಳುವುದಕ್ಕೆ ನನಗೇ ಪಾರ್ಲರಿನ ಒಂಬತ್ತು ವರ್ಷ ಹಿಡಿಯಿತು.

ಈಚೆಗೆ ಒಬ್ಬ ಹುಡುಗಿ ಪಾಠದ ನಡುವೆ ಕೇಳಿದಳು: "ಮೇಡಂ, ಅಂಟಿಸಿ ಕೊಡಲೇಬೇಕು ಅಂತ ಕಸ್ಟಮರ್ ಹಠ ಹಿಡಿದ್ರೆ ಏನ್ಮಾಡೋದು?"

"ಅವರಿಗಿಂತ ಜಾಸ್ತಿ ಹಠ ಹಿಡಿ," ಎಂದೆ.